8 ಗೇರಿನ ಸೈಕಲ್ಲಿಗೆ 11 ಗೇರಿನ ಡಿರೇಲರ್: ಒಂದು ತುದಿ ಸರಿಪಡಿಸಿದರೆ ಇನ್ನೊಂದು ತುದಿ ಕೆಡುತ್ತಿದೆ

ಇಬ್ರಾಹಿಂಪುರ ಗೇಟ್ (ವಿಜಯಪುರ)
ಎಲ್ಲರಿಗೂ ನಮಸ್ಕಾರ. ನನ್ನದು ಶಿಮಾನೊ ಕಂಪನಿಯ ಕ್ಲಾರಿಸ್ ಆರ್ 2000 ಗೇರ್ ಭಾಗಗಳಿರುವ ರೋಡ್ ಸೈಕಲ್. ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ, ಹಿಂದೆ 8 ಗೇರಿನ 11-30 ಕ್ಯಾಸೆಟ್, ಅಂದರೆ 11ರಿಂದ 30 ಹಲ್ಲಿನವರೆಗಿನ ಎಂಟು ಹಲ್ಲುಗಾಲಿಗಳ ಗೊಂಚಲು. ಕೊಲ್ಹಾರ ಸೇತುವೆ ದಾಟಿ ಬರುವಾಗ ಟ್ರೇಲರ್‌ನಿಂದ ಬಿದ್ದಿದ್ದ ಕಬ್ಬಿನ ಜಲ್ಲೆಯೊಂದು ಹಿಂದಿನ ಗಾಲಿಗೆ ಸಿಕ್ಕಿ ಡಿರೇಲರ್ (ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಸರಿಸುವ ಭಾಗ) ಮುರಿಯಿತು, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಕೂಡ ಬಾಗಿತು. ಹ್ಯಾಂಗರ್ ಹೊಸದು ಹಾಕಿಸಿದೆ. ಡಿರೇಲರ್ ಮಾತ್ರ ಅಂಗಡಿಯವರು "ಕ್ಲಾರಿಸ್ ಸಿಗುವುದಿಲ್ಲ, ಅದಕ್ಕಿಂತ ಮೇಲಿನದನ್ನೇ ಕೊಡುತ್ತೇನೆ, ಎಲ್ಲವೂ ಶಿಮಾನೊ, ಎಲ್ಲವೂ ಕೂಡುತ್ತದೆ" ಎಂದು ಬಳಸಿದ 105 ಆರ್ 7000, ಅಂದರೆ 11 ಗೇರಿನ ಡಿರೇಲರ್ ಕೊಟ್ಟರು. ಉದ್ದ ಪಂಜರದ (ಚೈನ್ ಹಾಯುವ ಎರಡು ಪುಟ್ಟ ರಾಟೆಗಳ ಚೌಕಟ್ಟು) ಜಿಎಸ್ ಮಾದರಿ, ನೋಡಲು ಚೆಂದವಾಗಿದೆ.

ಆದರೆ ಸಣ್ಣ ಹಲ್ಲುಗಾಲಿಗೆ ಸರಿಯಾಗಿ ಹೊಂದಿಸಿದರೆ ಮೂರನೆಯ ಕ್ಲಿಕ್‌ನಿಂದ ಕರಕರ ಶುರುವಾಗುತ್ತದೆ, ದೊಡ್ಡ ಹಲ್ಲುಗಾಲಿಗೆ ಚೈನ್ ಏರುವುದೇ ಇಲ್ಲ. ದೊಡ್ಡದಕ್ಕೆ ಹೊಂದಿಸಿದರೆ ಕೆಳಗಡೆ ಎರಡು ಕ್ಲಿಕ್ ಒತ್ತಿದರೂ ಚೈನ್ ಇಳಿಯುವುದಿಲ್ಲ. ನಡುವಿನ ಗೇರಿಗೆ ಹೊಂದಿಸಿದರೆ ಎರಡೂ ತುದಿ ಹಾಳು. ಕೇಬಲ್ ಹೊಸದು, ಹೊರಕವಚವೂ ಹೊಸದು. ಯಾವ ಸ್ಕ್ರೂ ತಿರುಗಿಸಲಿ?

ಘಟಪ್ರಭಾ ದಂಡೆ (ಮುಧೋಳ)
ಹೊಸ ಹ್ಯಾಂಗರ್ ಎಂದರೆ ನೇರವಾಗಿದೆ ಎಂದೇನೂ ಅಲ್ಲ. ಪೊಟ್ಟಣದಿಂದ ತೆಗೆದ ಹ್ಯಾಂಗರ್ ಬಾಗಿದ್ದನ್ನು ನೋಡಿದ್ದೇನೆ. ಮೊದಲು ಅಲೈನ್‌ಮೆಂಟ್ ಗೇಜ್ ಇಟ್ಟು ನೋಡಿಸಿ.

ಗಾಂಧಿ ಚೌಕ ಕಾಕಾ (ವಿಜಯಪುರ)
ಹ್ಯಾಂಗರ್ ಅಲ್ಲ. ಸ್ಕ್ರೂ ಕೂಡ ಅಲ್ಲ. ಗುಣಾಕಾರ.

ಇಬ್ರಾಹಿಂಪುರ ಗೇಟ್
ಕಾಕಾ, ಸ್ವಲ್ಪ ಬಿಡಿಸಿ ಹೇಳಿ.

ಚೋರ್ಲಾ ಏರು (ಬೆಳಗಾವಿ)
ಅಷ್ಟರಲ್ಲಿ ನಾನು ಹೇಳುತ್ತೇನೆ: 105ರ ಪೂರ್ತಿ ಸೆಟ್ ಹಾಕಿಸಿ. ಅರ್ಧ ಹಳೆಯದು, ಅರ್ಧ ಹೊಸದು ಮಾಡಿದವರು ಯಾರೂ ಸುಖಪಟ್ಟಿಲ್ಲ. ಶಿಫ್ಟರ್, ಡಿರೇಲರ್, ಕ್ಯಾಸೆಟ್, ಚೈನ್ ನಾಲ್ಕೂ ಒಂದೇ ಪೀಳಿಗೆಯವಾಗಿರಬೇಕು.

ನವನಗರ ಸವಾರಿ (ಬಾಗಲಕೋಟೆ)
ಪೂರ್ತಿ ಸೆಟ್ಟಿಗೆ ಎಷ್ಟಾಗುತ್ತದೆ ಎಂದು ನೋಡಿ ಹೇಳಿ ಅಣ್ಣ. ಇವರ ಸೈಕಲ್ಲಿನ ಬೆಲೆಯೇ ಅದರ ಹತ್ತಿರ ಇರಬಹುದು. ಒಂದೂವರೆ ಲಕ್ಷ ಕೂಡಿಸಿ ಸೈಕಲ್ ಕೊಂಡವರಿಗೆ ಈ ಸಲಹೆ ಸರಿ.

ಗಾಂಧಿ ಚೌಕ ಕಾಕಾ
ಬಿಡಿಸಿ ಹೇಳುತ್ತೇನೆ. ಪೆಟ್ಟಿಗೆಯ ಮೇಲೆ 8, 9, 10, 11 ಎಂದು ಬರೆದಿರುತ್ತದಲ್ಲ, ಅದನ್ನು ಡಿರೇಲರ್ ಓದುವುದಿಲ್ಲ. ಡಿರೇಲರಿಗೆ ಗೇರ್ ಎಣಿಸಲು ಬರುವುದಿಲ್ಲ. ಎಣಿಸುವುದು ಹ್ಯಾಂಡಲ್ಲಿನಲ್ಲಿರುವ ಶಿಫ್ಟರ್. ಅದು ಒಂದು ಕ್ಲಿಕ್ಕಿಗೆ ಇಂತಿಷ್ಟು ಎಂದು ಕೇಬಲ್ ಎಳೆಯುತ್ತದೆ. ಡಿರೇಲರ್ ಆ ಎಳೆತವನ್ನು ತನ್ನ ಪ್ರಮಾಣದಿಂದ ಗುಣಿಸಿ ಅಷ್ಟು ದೂರ ಪಕ್ಕಕ್ಕೆ ಸರಿಯುತ್ತದೆ. ಆ ದೂರ, ಕ್ಯಾಸೆಟ್ಟಿನಲ್ಲಿ ಒಂದು ಹಲ್ಲುಗಾಲಿಯಿಂದ ಮುಂದಿನದಕ್ಕೆ ಇರುವ ಅಂತರಕ್ಕೆ ಸಮನಾಗಿದ್ದರೆ ಗೇರ್ ಬೀಳುತ್ತದೆ. ಬೇರೆ ರಹಸ್ಯವಿಲ್ಲ.

ಈಗ ಲೆಕ್ಕ. 8 ಗೇರಿನ ಶಿಮಾನೊ ಶಿಫ್ಟರ್ ಒಂದು ಕ್ಲಿಕ್ಕಿಗೆ ಸುಮಾರು 2.8 ಮಿ.ಮೀ. ಕೇಬಲ್ ಎಳೆಯುತ್ತದೆ. ಕ್ಲಾರಿಸ್ ಡಿರೇಲರಿನ ಪ್ರಮಾಣ 1.7. ಗುಣಿಸಿದರೆ 4.76. 8 ಗೇರಿನ ಕ್ಯಾಸೆಟ್ಟಿನ ಅಂತರ 4.8. ಕೂಡಿತು. ನಿಮ್ಮ ಆರ್ 7000 ಡಿರೇಲರಿನ ಪ್ರಮಾಣ 1.4 ಮಾತ್ರ. 2.8 ಗುಣಿಸು 1.4 ಎಂದರೆ 3.92. ಪ್ರತಿ ಕ್ಲಿಕ್ಕಿಗೂ ಮುಕ್ಕಾಲು ಮಿ.ಮೀ.ಗಿಂತ ಹೆಚ್ಚು ಕೊರತೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಏಳು ಕ್ಲಿಕ್. ಏಳರಲ್ಲಿ ಈ ಕೊರತೆ 6 ಮಿ.ಮೀ. ದಾಟುತ್ತದೆ, ಅಂದರೆ ಒಂದು ಹಲ್ಲುಗಾಲಿಗೂ ಮಿಕ್ಕಿ. ದೊಡ್ಡದಕ್ಕೆ ಏರುವುದು ಹೇಗೆ?

ಸ್ಕ್ರೂ ತಿರುಗಿಸಿ ಈ ಕೊರತೆಯನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂದು ಆರಿಸಬಹುದು, ಅಷ್ಟೆ.

ಇಬ್ರಾಹಿಂಪುರ ಗೇಟ್
ಅಂಗಡಿಯಲ್ಲಿ ಇದನ್ನು ಯಾರೂ ಹೇಳಲಿಲ್ಲ. "ಓಡಿಸುತ್ತ ಓಡಿಸುತ್ತ ಕೂಡಿಕೊಳ್ಳುತ್ತದೆ" ಎಂದರು.

ಸೀಮಿಕೇರಿ ಬೈಪಾಸ್ (ಬಾಗಲಕೋಟೆ)
ಅದೇನು ಹೊಸ ಚಪ್ಪಲಿಯೇ, ಓಡಾಡಿದರೆ ಸಡಿಲವಾಗಲು?

ಘಟಪ್ರಭಾ ದಂಡೆ
ಕಾಕಾ, ಒಂದು ಸಂದೇಹ. ನನ್ನ ಗೆಳೆಯ 10 ಗೇರಿನ ಹಳೆಯ 105 ಶಿಫ್ಟರಿಗೆ 9 ಗೇರಿನ ಡಿಯೋರ್ ಮೌಂಟನ್ ಬೈಕ್ ಡಿರೇಲರ್ ಹಾಕಿ 11-36 ಕ್ಯಾಸೆಟ್ ಓಡಿಸುತ್ತಾನೆ. ಪೀಳಿಗೆಯೂ ಬೇರೆ, ಜಾತಿಯೂ ಬೇರೆ. ಆದರೂ ಬೆಣ್ಣೆಯ ಹಾಗೆ ಗೇರ್ ಬೀಳುತ್ತದೆ.

ಗಾಂಧಿ ಚೌಕ ಕಾಕಾ
ಬೀಳಲೇಬೇಕು. 10 ಗೇರಿನ ಹಳೆಯ ರೋಡ್ ಶಿಫ್ಟರ್ 2.3 ಎಳೆಯುತ್ತದೆ. 9 ಗೇರಿನ ಡಿಯೋರ್ ಪ್ರಮಾಣವೂ 1.7. ಗುಣಿಸಿದರೆ 3.91, ಕ್ಯಾಸೆಟ್ಟಿನ ಅಂತರ 3.95. ಶಿಮಾನೊದವರು 7, 8, 9 ಗೇರುಗಳಿಗೆ ರೋಡ್ ಮತ್ತು ಮೌಂಟನ್ ಎರಡಕ್ಕೂ ಬಹುಮಟ್ಟಿಗೆ ಇದೇ 1.7 ಇಟ್ಟುಕೊಂಡು ಬಂದರು. 10 ಗೇರಿನ ರೋಡ್ ಡಿರೇಲರುಗಳಿಗೂ ಅದೇ. 11ಕ್ಕೆ ಹೋದಾಗ ಬದಲಿಸಿದರು.

ಇಬ್ರಾಹಿಂಪುರ ಗೇಟ್
ಹಾಗಾದರೆ ಯಾವುದೇ 10 ಗೇರಿನ ಡಿರೇಲರ್ ತಂದರೆ ನನ್ನ ಕ್ಲಾರಿಸ್ ಶಿಫ್ಟರಿಗೆ ಆಗುತ್ತದೆಯೇ?

ನವನಗರ ಸವಾರಿ
"ಯಾವುದೇ" ಎನ್ನಬೇಡಿ, ಅಲ್ಲಿಯೇ ಎರಡು ಹೊಂಡಗಳಿವೆ. ಒಂದು, ಶಿಮಾನೊದ್ದೇ ಟಿಯಾಗ್ರಾ 4700. ಹೆಸರಿಗೆ 10 ಗೇರು, ಒಳಗೆ 11ರ ಹಾಗೆ 1.4 ಪ್ರಮಾಣ. ಇನ್ನೊಂದು, ಡೈನಾ-ಸಿಸ್ ಎಂದು ಬಂದ 10 ಗೇರಿನ ಮೌಂಟನ್ ಡಿರೇಲರುಗಳು. ಅವುಗಳ ಪ್ರಮಾಣ 1.2ರ ಆಸುಪಾಸು. ಇವೆರಡನ್ನು ಬಿಟ್ಟು 105ರ 5600, 5700, ಟಿಯಾಗ್ರಾ 4600 ಇಂಥವು ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. 9 ಗೇರಿನ ಸೋರಾ ಆರ್ 3000 ಕೂಡ ಆಗುತ್ತದೆ, ಹಳೆಯ ಅಲಿವಿಯೊ ಕೂಡ ಆಗುತ್ತದೆ. ಆದರೆ ದೊಡ್ಡ ಹಲ್ಲುಗಾಲಿ 30 ಇರುವುದರಿಂದ ಆ ಡಿರೇಲರ್ ಎಷ್ಟು ಹಲ್ಲಿನವರೆಗೆ ನುಂಗುತ್ತದೆ ಎಂದು ನೋಡಿಕೊಳ್ಳಿ. ಗಿಡ್ಡ ಪಂಜರದ 5600ಕ್ಕೆ 30 ಕಷ್ಟ.

ಚೋರ್ಲಾ ಏರು
ಇಷ್ಟೆಲ್ಲ ನೆನಪಿಟ್ಟುಕೊಳ್ಳಬೇಕಾದರೆ ಪೂರ್ತಿ ಸೆಟ್ ಅಗ್ಗವಲ್ಲವೇ?

ನವನಗರ ಸವಾರಿ
ನೆನಪಿಗೆ ದುಡ್ಡು ಕೊಡಬೇಕಾಗಿಲ್ಲವಲ್ಲ ಅಣ್ಣ.

ಉದ್ಯಮಬಾಗ ಲೇತ್ (ಬೆಳಗಾವಿ)
ನನ್ನದೊಂದು ಉಪಾಯ. ಡಿರೇಲರ್ 3.92 ಸರಿಯುತ್ತದೆ ಎಂದರೆ ಕ್ಯಾಸೆಟ್ಟನ್ನೇ 3.92 ಮಾಡಿದರೆ ಆಯಿತು. 8 ಗೇರಿನ ಹಲ್ಲುಗಾಲಿ 1.8 ಮಿ.ಮೀ. ದಪ್ಪ, ನಡುವೆ ಅಂತರ ಇಡುವ ಸ್ಪೇಸರ್ ಬಳೆ 3.0. ಕ್ಯಾಸೆಟ್ಟಿನ ಮೂರು ಪಿನ್ ತೆಗೆದು ಹಲ್ಲುಗಾಲಿಗಳನ್ನು ಬಿಡಿಸಿ, 2.12ರ ಸ್ಪೇಸರುಗಳನ್ನು ಡೆಲ್ರಿನ್ ಪ್ಲಾಸ್ಟಿಕ್‌ನಲ್ಲಿ ಕಡೆದು ಹಾಕಿದರೆ? ಊಟದ ವಿರಾಮದಲ್ಲಿ ಮಾಡಿಕೊಡುತ್ತೇನೆ, ಲೇತ್ ಖಾಲಿ ಇರುತ್ತದೆ.

ಸೀಮಿಕೇರಿ ಬೈಪಾಸ್
ಬೆಳಗಾವಿಯವರಿಗೆ ಲೇತ್ ಇದ್ದರೆ ಸಾಕು, ಜಗತ್ತೆಲ್ಲ ಸ್ಪೇಸರ್ ಆಗಿ ಕಾಣುತ್ತದೆ.

ಗಾಂಧಿ ಚೌಕ ಕಾಕಾ
ಲೆಕ್ಕ ಸರಿ, ಕೆಲಸ ವ್ಯರ್ಥ. 8 ಗೇರಿನ ಚೈನಿನ ಹೊರ ಅಗಲ 7.1 ಮಿ.ಮೀ. ಹಲ್ಲುಗಾಲಿಗಳನ್ನು ಅಷ್ಟು ಹತ್ತಿರ ತಂದರೆ ಚೈನ್ ಪಕ್ಕದ ಹಲ್ಲುಗಾಲಿಗೆ ಉಜ್ಜುತ್ತದೆ. ಹೇಗೂ 10ರ ಚೈನ್ ತರಬೇಕು, ಅದು 6 ಮಿ.ಮೀ.ಗಿಂತ ಸ್ವಲ್ಪ ಕಡಿಮೆ. ಚೈನ್ ತರುವವನು 10ರ ಕ್ಯಾಸೆಟ್ಟನ್ನೇ ತರಲಿ. 3.92 ಎಲ್ಲಿ, 3.95 ಎಲ್ಲಿ ಎಂದು ನೋಡಿದಿರಾ?

ಘಟಪ್ರಭಾ ದಂಡೆ
ಅಂದರೆ 8 ಗೇರಿನ ಶಿಫ್ಟರ್, 11 ಗೇರಿನ ಡಿರೇಲರ್, 10 ಗೇರಿನ ಕ್ಯಾಸೆಟ್! ಇದನ್ನು ಅಂಗಡಿಯಲ್ಲಿ ಹೇಳಿದರೆ ಹೊರಗೆ ಕಳಿಸುತ್ತಾರೆ.

ಗಾಂಧಿ ಚೌಕ ಕಾಕಾ
ಹೌದು, ಅದೇ. ಏಳು ಕ್ಲಿಕ್ಕಿಗೂ ಸೇರಿ ತಪ್ಪುವುದು ಕಾಲು ಮಿ.ಮೀ. ಒಳಗೆ. ಹೊಸ ಕಾರ್ಖಾನೆ ಸೆಟ್ಟಿನಲ್ಲಿಯೂ ಅಷ್ಟು ಇರುತ್ತದೆ. ಕ್ಲಾರಿಸ್ ಶಿಫ್ಟರಿಗೆ ಎಂಟೇ ಸ್ಥಾನಗಳಿರುವುದರಿಂದ ಹತ್ತರಲ್ಲಿ ಎಂಟು ಹಲ್ಲುಗಾಲಿ ಮಾತ್ರ ಸಿಗುತ್ತವೆ ಎಂಬುದೊಂದೇ ಕೊರತೆ. ಯಾವ ಎರಡನ್ನು ಬಿಡಬೇಕು ಎಂಬುದು ನಿಮ್ಮ ಇಷ್ಟ. ಶಿಫ್ಟರನ್ನು ಪೂರ್ತಿ ಸಡಿಲ ಸ್ಥಾನಕ್ಕೆ ತಂದು, ಡಿರೇಲರನ್ನು ಕೈಯಿಂದ ತಳ್ಳಿ ಮೂರನೆಯ ಹಲ್ಲುಗಾಲಿಯ ಕೆಳಗೆ ಹಿಡಿದು ಅಲ್ಲಿ ಕೇಬಲ್ ಬಿಗಿಯಬೇಕು. ಕೇಬಲ್ ತುಂಡಾದರೆ ಚೈನ್ 11ಕ್ಕೆ ಇಳಿದು ನಿಲ್ಲುತ್ತದೆ, ಗಾಲಿಯ ಕಡ್ಡಿಗಳಿಗೆ ಹೋಗುವುದಿಲ್ಲ.

ಚೋರ್ಲಾ ಏರು
ದುಡ್ಡು ಕೊಟ್ಟು ಹತ್ತು ತಂದು ಎರಡನ್ನು ಅಲಂಕಾರಕ್ಕೆ ಇಡುವುದು. ಚೆನ್ನಾಗಿದೆ. 11 ಮತ್ತು 12 ಬಿಟ್ಟರೆ ಇಳಿಜಾರಿನಲ್ಲಿ ಕಾಲು ಗಾಳಿಯಲ್ಲಿ ತಿರುಗುತ್ತದೆ.

ತೊರವಿ ರಸ್ತೆ (ವಿಜಯಪುರ)
ವಿಜಯಪುರದಲ್ಲಿ ಇಳಿಜಾರು ಎಲ್ಲಿದೆ ತೋರಿಸಿ, ನಾನೂ ಹೋಗಿ ಬರುತ್ತೇನೆ.

ಭೂತನಾಳ ಸುತ್ತು (ವಿಜಯಪುರ)
ಈ ವಿಷಯದಲ್ಲಿ ಅಂಕಿ ಇಟ್ಟು ಮಾತನಾಡೋಣ. 11-28ರ 10 ಗೇರಿನ ಅಲ್ಟೆಗ್ರಾ ಕ್ಯಾಸೆಟ್ಟಿನ ಹಲ್ಲುಗಳು 11-12-13-14-15-17-19-21-24-28. ಮೊದಲ ಎರಡು ಬಿಟ್ಟರೆ ಅತಿ ಭಾರದ ಗೇರ್ 50×13. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 8.1 ಮೀಟರ್ ಹೋಗುತ್ತದೆ. ನಿಮಿಷಕ್ಕೆ 90 ಸುತ್ತಿನ ಲಯದಲ್ಲಿ ಗಂಟೆಗೆ 43 ಕಿ.ಮೀ. ದಾಟುತ್ತದೆ. ಬೆಳಿಗ್ಗೆ ಕಚೇರಿಗೆ ಮುಂಚೆ ಓಡಿಸುವ ನಮ್ಮಂಥವರಲ್ಲಿ ಅಷ್ಟು ವೇಗದಲ್ಲಿ ಎಷ್ಟು ಹೊತ್ತು ಇರುತ್ತೀರಿ?

ಇನ್ನೊಂದು ಮಾತು. ಜೂನಿಯರ್ ರೇಸುಗಳಲ್ಲಿ 2022ರವರೆಗೂ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ (ಯುಸಿಐ) ನಿಯಮವಿತ್ತು: ಪೆಡಲಿನ ಒಂದು ಸುತ್ತಿಗೆ 7.93 ಮೀಟರಿಗಿಂತ ಹೆಚ್ಚು ಹೋಗುವ ಗೇರ್ ಇರಬಾರದು. 2023ರಿಂದ ಅದನ್ನು ತೆಗೆದರು. ಅಂದರೆ ಜಗತ್ತಿನ ಅತಿ ವೇಗದ ಹುಡುಗರು ಇಷ್ಟು ವರ್ಷ 50×13ಕ್ಕಿಂತ ಹಗುರ ಗೇರಿನಲ್ಲಿಯೇ ರೇಸ್ ಗೆದ್ದಿದ್ದಾರೆ. ನಮ್ಮ ಕ್ರೀಡಾ ವಸತಿ ನಿಲಯದ ಮಕ್ಕಳೂ ಅದರಲ್ಲಿಯೇ ಓಡಿಸಿ ಬಂದವರು.

ಚೋರ್ಲಾ ಏರು
ಅದು ನಿಯಮ ಇದ್ದುದರಿಂದ. ಇಷ್ಟಪಟ್ಟು ಅಲ್ಲ. ನಾನು ಜಾಂಬೋಟಿ ದಾಟಿ ಕಣಕುಂಬಿಯ ಕಡೆಗೆ ಹೋಗುವವನು, ನನಗೆ 28 ಬೇಕು, 11ವೂ ಬೇಕು.

ಭೂತನಾಳ ಸುತ್ತು
ನಿಮಗೆ ಯಾರು ಬೇಡ ಎಂದರು? ಸೈಕಲ್ ಅವರದು, ಊರು ವಿಜಯಪುರ. ಆಷಾಢದಲ್ಲಿ ತಿಕೋಟಾ ಕಡೆ ಎದುರುಗಾಳಿಗೆ ಹೋಗಿ ನೋಡಿ, 11 ಇದ್ದದ್ದೇ ಮರೆತುಹೋಗುತ್ತದೆ. ನಮಗೆ ಗಾಳಿಯೇ ಘಟ್ಟ.

ತೊರವಿ ರಸ್ತೆ
ವಾಪಸು ಬರುವಾಗ ಗಾಳಿ ಬೆನ್ನಿಗೆ ಇರುತ್ತದೆ. ಆಗ 11 ನೆನಪಾಗುತ್ತದೆ.

ಇಬ್ರಾಹಿಂಪುರ ಗೇಟ್
10 ಗೇರಿನ ಕ್ಯಾಸೆಟ್ ನನ್ನ ಹಿಂದಿನ ಗಾಲಿಗೆ ಕೂರುತ್ತದೆಯೇ? ಗಾಲಿ ಸೈಕಲ್ ಜೊತೆ ಬಂದದ್ದೇ.

ನವನಗರ ಸವಾರಿ
ಗಾಲಿಯಲ್ಲಿ ಕ್ಯಾಸೆಟ್ ಕೂರುವ ಭಾಗಕ್ಕೆ ಫ್ರೀಹಬ್ ಎನ್ನುತ್ತಾರೆ. 8, 9, 10 ಮೂರಕ್ಕೂ ಶಿಮಾನೊ ಫ್ರೀಹಬ್ ಒಂದೇ ಉದ್ದ. 10ರ ಕ್ಯಾಸೆಟ್ಟುಗಳಲ್ಲಿ ಬಹುಪಾಲು ಹಿಂದೆ 1 ಮಿ.ಮೀ. ತೆಳು ಸ್ಪೇಸರ್ ಬೇಡುತ್ತವೆ, ಕೆಲವು ಬೇಡುವುದಿಲ್ಲ. ಪರೀಕ್ಷೆ ಸುಲಭ: ಕ್ಯಾಸೆಟ್ಟನ್ನು ಹಿಡಿದಿಡುವ ಲಾಕ್‌ರಿಂಗ್ ಪೂರ್ತಿ ಬಿಗಿದ ಮೇಲೂ ಕ್ಯಾಸೆಟ್ ಕೈಗೆ ಅಲ್ಲಾಡಿದರೆ ಸ್ಪೇಸರ್ ಬೇಕು. ಸ್ಪೇಸರ್ ಮರೆತು ಲಾಕ್‌ರಿಂಗನ್ನೇ ಬಲವಂತವಾಗಿ ತಿರುಗಿಸುತ್ತ ಹೋಗಬೇಡಿ.

11ರ ರೋಡ್ ಫ್ರೀಹಬ್ 1.85 ಮಿ.ಮೀ. ಹೆಚ್ಚು ಉದ್ದ. ಆದ್ದರಿಂದ ಹಳೆಯ ಕ್ಯಾಸೆಟ್ ಹೊಸ ಗಾಲಿಗೆ ಸ್ಪೇಸರ್ ಇಟ್ಟರೆ ಕೂರುತ್ತದೆ, 11ರ ರೋಡ್ ಕ್ಯಾಸೆಟ್ ಹಳೆಯ ಗಾಲಿಗೆ ಕೂರುವುದಿಲ್ಲ.

ಉದ್ಯಮಬಾಗ ಲೇತ್
ಕೂರುತ್ತದೆ! 11 ಗೇರಿನ, 11-34 ಹಲ್ಲಿನ ಎಚ್‌ಜಿ 800 ಕ್ಯಾಸೆಟ್ಟನ್ನು ಹಳೆಯ ಫ್ರೀಹಬ್‌ಗೆ ಹಾಕಿದ್ದೇನೆ. ದೊಡ್ಡ ಹಲ್ಲುಗಾಲಿ ಒಳಗಡೆ ಕಡ್ಡಿಗಳ ಕಡೆಗೆ ಚಾಚಿಕೊಂಡಿರುತ್ತದೆ, ಫ್ರೀಹಬ್ ಮೇಲೆ ಅದಕ್ಕೆ ಜಾಗ ಬೇಕಾಗುವುದಿಲ್ಲ. 11ರ ಗಾಲಿಗೆ ಹಾಕುವಾಗಲೇ ಅದಕ್ಕೆ 1.85 ಸ್ಪೇಸರ್ ಬೇಕು.

ನವನಗರ ಸವಾರಿ
ಸರಿ ಸರ್, 34ರದು ಬೇರೆ. 11-28, 11-30 ಕೂರುವುದಿಲ್ಲ ಎಂದು ತಿದ್ದಿಕೊಂಡು ಓದಿ.

ಘಟಪ್ರಭಾ ದಂಡೆ
ಮುಂದಿನ ಕ್ರ್ಯಾಂಕಿನ (ಪೆಡಲ್ ಕಡೆಯ ಚಕ್ರಗಳ) ಕಥೆ ಏನು? 8 ಗೇರಿನ ಕ್ರ್ಯಾಂಕಿಗೆ 10ರ ಚೈನ್ ನಡೆಯುತ್ತದೆಯೇ?

ಗಾಂಧಿ ಚೌಕ ಕಾಕಾ
ನಡೆಯುತ್ತದೆ. ಚೈನಿನ ಒಂದು ಕೊಂಡಿಯಿಂದ ಇನ್ನೊಂದಕ್ಕೆ ಇರುವ ದೂರ ಎಲ್ಲದಕ್ಕೂ 12.7 ಮಿ.ಮೀ.ಯೇ. ಗೇರ್ ಹೆಚ್ಚಿದಂತೆ ಮುಖ್ಯವಾಗಿ ಹೊರ ಅಗಲ ಕಿರಿದಾಗುತ್ತ ಬಂದಿದೆ: 9ಕ್ಕೆ 6.6ರ ಸುತ್ತ, 11ಕ್ಕೆ 5.5ರ ಸುತ್ತ. ಕ್ಲಾರಿಸ್ ಕ್ರ್ಯಾಂಕಿನ ಎರಡು ಚಕ್ರಗಳ ನಡುವಿನ ಜಾಗಕ್ಕೆ 10ರ ಚೈನ್ ತುಸು ತೆಳು. ಎಂದಾದರೂ ಇಳಿಸುವಾಗ ಎರಡರ ನಡುವೆ ಒಂದು ಕ್ಷಣ ಜಾರಿದ ಹಾಗೆ ಆಗಬಹುದು. ಮುಂದಿನ ಡಿರೇಲರನ್ನು ಒಂದು ಕೂದಲೆಳೆ ಹೊಂದಿಸಿಕೊಂಡರೆ ಸಾಕು. ತಿರುಗಾಮುರುಗಾ ಮಾಡಬೇಡಿ, ಅಂದರೆ 10ರ ಕ್ಯಾಸೆಟ್ಟಿಗೆ 8ರ ಚೈನ್. ಅದು ದಿನವಿಡೀ ಪಕ್ಕದ ಹಲ್ಲುಗಾಲಿಯೊಡನೆ ಜಗಳವಾಡುತ್ತದೆ. ಈಗ ಕೂಡ ನಿಮ್ಮ 8ರ ಚೈನ್ ಆ 105ರ ತೆಳು ಪಂಜರಕ್ಕೆ ಉಜ್ಜುತ್ತಿರಬಹುದು, ಪಂಜರದ ಒಳಮೈಯಲ್ಲಿ ಗೀರು ಇದೆಯೇ ನೋಡಿ.

ಇಬ್ರಾಹಿಂಪುರ ಗೇಟ್
ನೋಡಿದೆ. ಹೊಳೆಯುವ ಗೀರು ಇದೆ.

ತೊರವಿ ರಸ್ತೆ
ನನಗೆ ಈ ಗೋಳೇ ಇಲ್ಲ. ಹಳೆಯ ಉಕ್ಕಿನ ಸೈಕಲ್, ಕೆಳಗಿನ ಕೊಳವೆಯ ಮೇಲೆ ಕ್ಲಿಕ್ ಇಲ್ಲದ ಗೇರ್ ಕಡ್ಡಿ. ಎಳೆದಷ್ಟು ಎಳೆಯುತ್ತದೆ. 8 ಹಾಕಿ, 9 ಹಾಕಿ, ಯಾವ ಕಂಪನಿಯ ಡಿರೇಲರ್ ಬೇಕಾದರೂ ಹಾಕಿ. 1984ರಲ್ಲಿ ಡ್ಯೂರಾ-ಏಸ್ 7400 ಜೊತೆ ಶಿಮಾನೊದವರು ಕ್ಲಿಕ್ ತಂದರು, ಅಂದಿನಿಂದ ಈ ಗುಣಾಕಾರ ಬೆನ್ನು ಹತ್ತಿತು.

ಸೀಮಿಕೇರಿ ಬೈಪಾಸ್
ಗಡ್ಡನಕೇರಿ ಕ್ರಾಸ್‌ನಲ್ಲಿ ಲಾರಿಗಳ ನಡುವೆ ಕೈ ಕೆಳಗೆ ಬಿಟ್ಟು ಗೇರ್ ಹುಡುಕುವ ಧೈರ್ಯ ನನಗಿಲ್ಲ ಸರ್.

ಭೂತನಾಳ ಸುತ್ತು
ಸ್ರಾಮ್ ಕಂಪನಿಯ ಭಾಗಗಳಿರುವವರು ಯಾರಾದರೂ ಇದ್ದೀರಾ? ಅವರದು ಇನ್ನೂ ಸುಲಭ ಎಂದು ಕೇಳಿದ್ದೇನೆ.

ಉದ್ಯಮಬಾಗ ಲೇತ್
ನನ್ನದು 10 ಗೇರಿನ ಅಪೆಕ್ಸ್. ಸ್ರಾಮ್‌ನವರು ಕೇಬಲ್ ಇರುವ 10 ಮತ್ತು 11ರ ರೋಡ್ ಭಾಗಗಳಲ್ಲಿ ಡಿರೇಲರ್ ಪ್ರಮಾಣವನ್ನು ಒಂದೇ ಇಟ್ಟಿದ್ದಾರೆ, 1.3ರ ಹತ್ತಿರ. ಕ್ಯಾಸೆಟ್ ಶಿಮಾನೊದು ಹಾಕಿದರೂ ತಕರಾರು ಮಾಡುವುದಿಲ್ಲ. ಶಿಫ್ಟರ್ ಮತ್ತು ಡಿರೇಲರ್ ಮಾತ್ರ ಬೇರೆ ಬೇರೆ ಕಂಪನಿಯದು ಹಾಕಬೇಡಿ. ನಡುವೆ ಎಳೆತ ಬದಲಿಸುವ ಪುಟ್ಟ ರಾಟೆಗಳು ಸಿಗುತ್ತವೆ, ಅವುಗಳನ್ನು ವಿದೇಶದಿಂದ ತರಿಸುವ ಖರ್ಚಿನಲ್ಲಿ ಸರಿಯಾದ ಡಿರೇಲರೇ ಬಂದುಬಿಡುತ್ತದೆ.

ಚೋರ್ಲಾ ಏರು
ಮೈಕ್ರೋಶಿಫ್ಟ್ ಕಂಪನಿಯ ಬಗ್ಗೆ ಯಾರೂ ಹೇಳಲಿಲ್ಲ. 8 ಮತ್ತು 9ಕ್ಕೆ ಶಿಮಾನೊ ಎಳೆತಕ್ಕೇ ಹೊಂದುವ ಭಾಗಗಳನ್ನು ಮಾಡುತ್ತಾರೆ, ಬೆಲೆಯೂ ಕಡಿಮೆ. ಅವರ ಅಡ್ವೆಂಟ್ ಸರಣಿ ಮಾತ್ರ ಬೇರೆ, ಅದರ ಎಳೆತ ಅವರದೇ.

ನವನಗರ ಸವಾರಿ
ನೋಡಿದಿರಾ, ಪೂರ್ತಿ ಸೆಟ್ ಎನ್ನುತ್ತಿದ್ದವರೇ ಬಿಡಿ ಭಾಗಗಳ ಬಗ್ಗೆ ಹೇಳತೊಡಗಿದರು.

ಚೋರ್ಲಾ ಏರು
ನಾನು ಮಾಹಿತಿ ಕೊಟ್ಟೆ ಅಕ್ಕ, ಅನುಮತಿ ಕೊಡಲಿಲ್ಲ.

ಇಬ್ರಾಹಿಂಪುರ ಗೇಟ್
ಹಾಗಾದರೆ ನನ್ನ ಮುಂದೆ ಎರಡು ದಾರಿಗಳಿವೆ. ಈ 105 ಡಿರೇಲರನ್ನು ಮಾರಿ 1.7ರ ಯಾವುದಾದರೂ ಹಾಕುವುದು, ಆಗ ಚೈನ್, ಕ್ಯಾಸೆಟ್ ಹಾಗೆಯೇ ಇರುತ್ತವೆ. ಇಲ್ಲವೇ 105 ಇಟ್ಟುಕೊಂಡು 10ರ ಚೈನ್, ಕ್ಯಾಸೆಟ್ ತರುವುದು. ನಿಮಗೆ ಯಾವುದು ಸರಿ ಎನ್ನಿಸುತ್ತದೆ?

ಗಾಂಧಿ ಚೌಕ ಕಾಕಾ
ಚೈನ್ ಸವೆತ ನೋಡುವ ಅಳತೆ ಕಡ್ಡಿ ಇಟ್ಟು ನೋಡಿ. ಶೇ. 0.75 ದಾಟಿದ್ದರೆ ಚೈನ್ ಹೇಗೂ ಹೋಯಿತು, ಕ್ಯಾಸೆಟ್ಟೂ ಸವೆದಿರಬಹುದು. ಆಗ ಎರಡನೆಯ ದಾರಿಗೆ ಅರ್ಥವಿದೆ. ಮುಂದೆ ಎಂದಾದರೂ ಟಿಯಾಗ್ರಾ 4700 ಶಿಫ್ಟರ್ ಕೈಗೆ ಸಿಕ್ಕರೆ ಹತ್ತೂ ಗೇರ್ ಬರುತ್ತವೆ, ಏಕೆಂದರೆ ಅದೂ 2.8ರ ಸುತ್ತಲೇ ಎಳೆಯುತ್ತದೆ. ಅಳತೆ 0.5ರ ಒಳಗೇ ಇದ್ದರೆ ಒಳ್ಳೆಯ ಚೈನ್ ಎಸೆಯಬೇಡಿ, ಡಿರೇಲರ್ ಬದಲಿಸಿ.

ಘಟಪ್ರಭಾ ದಂಡೆ
ಕಪ್ಪು ಮಣ್ಣಿನ ನಮ್ಮ ಕಡೆ ಚೈನ್ ಬೇಗ ಸವೆಯುತ್ತದೆ. ಎಣ್ಣೆ ಹಚ್ಚಿದರೆ ಧೂಳು ಸೇರಿ ಅರೆಯುವ ಪುಡಿಯಾಗುತ್ತದೆ. ನಾನು ಮೇಣಕ್ಕೆ ಬದಲಾಯಿಸಿದೆ.

ತೊರವಿ ರಸ್ತೆ
ಮೇಣ ಮಳೆಗೆ ನಿಲ್ಲುವುದಿಲ್ಲ.

ಘಟಪ್ರಭಾ ದಂಡೆ
ವಿಜಯಪುರದಲ್ಲಿ ಮಳೆಯ ಚಿಂತೆಯೇ?

ಇಬ್ರಾಹಿಂಪುರ ಗೇಟ್
ಅಳತೆ ಕಡ್ಡಿ 0.5ರ ಕಡೆ ಇಳಿಯುತ್ತಿಲ್ಲ. ಚೈನ್ ಚೆನ್ನಾಗಿದೆ. ಹಾಗಾದರೆ 1.7ರ ಡಿರೇಲರ್ ಹುಡುಕುತ್ತೇನೆ. ಯಾರ ಬಳಿಯಾದರೂ ಇದೆಯೇ?

ಸೀಮಿಕೇರಿ ಬೈಪಾಸ್
ನನ್ನಲ್ಲಿ ಸೋರಾ ಆರ್ 3000 ಇದೆ, ಉದ್ದ ಪಂಜರದ್ದು, 34ರವರೆಗೆ ನುಂಗುತ್ತದೆ. ಮೇಲಿನ ರಾಟೆ ಸವೆದಿದೆ, ಅದೊಂದನ್ನು ಬದಲಿಸಿಕೊಳ್ಳಬೇಕು. ನಾನು 11 ಗೇರಿಗೆ ಹೋಗುವವನು, ನಿಮ್ಮ 105 ನನಗೆ ಬೇಕು. ಅದಲುಬದಲು ಮಾಡೋಣ, ಮೇಲೆ ಕೊಡುವುದನ್ನು ನೋಡಿ ಮಾತನಾಡೋಣ.

ಚೋರ್ಲಾ ಏರು
11ಕ್ಕೆ ಹೋಗುವವರು ಸ್ವಲ್ಪ ನಿಲ್ಲಿ. ಶಿಮಾನೊದವರು 2023ರಲ್ಲಿ ಕ್ಯೂಸ್ ಎಂಬ ಸರಣಿ ತಂದರಲ್ಲ, ಅದರಲ್ಲಿ 9, 10, 11 ಮೂರಕ್ಕೂ ಕೇಬಲ್ ಎಳೆತ ಒಂದೇ, ಹಲ್ಲುಗಾಲಿಗಳ ಅಂತರವೂ ಒಂದೇ, ಚೈನ್ ಕೂಡ 11ರದೇ. ಇಷ್ಟು ಹೊತ್ತು ಮಾಡಿದ ಗುಣಾಕಾರವೇ ಬೇಡ.

ಗಾಂಧಿ ಚೌಕ ಕಾಕಾ
ಕ್ಯೂಸ್ ಒಳಗಡೆ ಬೇಡ. ಕ್ಯೂಸ್‌ಗೂ ನಿಮ್ಮ ಪೆಟ್ಟಿಗೆಯಲ್ಲಿರುವ ಹಳೆಯ ಭಾಗಗಳಿಗೂ ನಡುವೆ ಬೇಕೇ ಬೇಕು. ಅದರ ಲಿಂಕ್‌ಗ್ಲೈಡ್ ಕ್ಯಾಸೆಟ್ ಹಳೆಯ ಫ್ರೀಹಬ್‌ಗೆ ಕೂರುತ್ತದೆ, ಹಳೆಯ ಶಿಫ್ಟರಿಗೆ ಮಾತ್ರ ಒಗ್ಗುವುದಿಲ್ಲ.

ಸೀಮಿಕೇರಿ ಬೈಪಾಸ್
ನನ್ನಲ್ಲಿ 11ರ ಶಿಫ್ಟರ್ ಈಗಾಗಲೇ ಬಂದಿದೆ, 105 ಆರ್ 7000. 2.7 ಗುಣಿಸು 1.4, 3.78. 11ರ ಕ್ಯಾಸೆಟ್ಟಿನ ಅಂತರ 3.7ರ ಸುತ್ತ ಎಂದು ನಾನೂ ಕಲಿತುಕೊಂಡೆ ಕಾಕಾ. ಇಬ್ರಾಹಿಂಪುರ ಗೇಟ್ ಅವರೇ, ರವಿವಾರ ನಾನು ವಿಜಯಪುರಕ್ಕೆ ಬಸ್ಸಿನಲ್ಲಿ ಬರುತ್ತೇನೆ. ಡಿರೇಲರ್ ಬಿಚ್ಚಿ ಇಡಿ, ಕೇಬಲ್ ತುದಿಯ ಟೊಪ್ಪಿಗೆ ಎರಡು ಹೆಚ್ಚು ತಂದಿಡಿ.

ಉದ್ಯಮಬಾಗ ಲೇತ್
ಸವೆದ ರಾಟೆಯ ಅಳತೆ ಕಳಿಸಿ, ಒಂದು ಕಡೆದು ಕೊಡುತ್ತೇನೆ.

ಸೀಮಿಕೇರಿ ಬೈಪಾಸ್
ಬೇಡ ಸರ್, ರಾಟೆ ಅಂಗಡಿಯಲ್ಲಿ ಸಿಗುತ್ತದೆ.